ಉಕ್ರೇನಿನ ಕತೆಗೆ ಕೂಟಗಲ್ಲಿನ ಹೂಂ

ಆ ಸಂಜೆಯ ಬಗ್ಗೆ ನಾನು ಹೇಳುವುದರಲ್ಲಿ ಎಷ್ಟು ನಡೆದದ್ದು, ಎಷ್ಟು ಆಮೇಲೆ ನನ್ನ ತಲೆ ಸೇರಿಸಿಕೊಂಡದ್ದು ಎಂದು ನನಗೆ ಖಚಿತವಿಲ್ಲ. ಅಲ್ಲಿದ್ದವರನ್ನು ಕೇಳಿದರೆ ಇನ್ನೂ ಗೋಜಲು. ಉಕ್ರೇನಿನಿಂದ ಬಂದ ಹಾಡುಗಾರ್ತಿಗೆ ವೇದಿಕೆಯ ಮೇಲೆ ಒಂದು ಬುಗುರಿ ಕೊಟ್ಟರು ಎನ್ನುತ್ತಾಳೆ ಕೂಟಗಲ್ಲಿನ ನನ್ನ ಸೋದರತ್ತೆ. ಉಡುಗೊರೆಯನ್ನು ಕೈಯಾರೆ ಮಾಡಿ ತಂದಿದ್ದ ಚನ್ನಪಟ್ಟಣದ ನನ್ನ ಗೆಳೆಯ, ತಾನು ಏನೂ ಕೊಡಲಿಲ್ಲ, ತಂದದ್ದನ್ನು ಹಾಗೇ ವಾಪಸ್ ಒಯ್ದೆ ಎನ್ನುತ್ತಾನೆ. ನನಗೆ ನೆನಪಿರುವುದು ಇವೆರಡೂ ಅಲ್ಲ. ನನ್ನ ನೆನಪು ಇವರಿಬ್ಬರದಕ್ಕಿಂತ ಚೆಂದವಾಗಿದೆ, ಅದಕ್ಕೇ ಅದರ ಮೇಲೆ ನನಗೆ ಅನುಮಾನ. ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದಿ ನಾನು ಉಳಿಸಿಕೊಂಡ ಒಂದೇ ಗಟ್ಟಿ ಪಾಠ ಅದು. ಸಾಕ್ಷಿಯ ಮಾತು ತೀರ ಒಪ್ಪವಾಗಿದ್ದರೆ ಅವನನ್ನು ಇನ್ನೊಮ್ಮೆ ಕೇಳಬೇಕು.

ಯುದ್ಧ ಶುರುವಾಗಿ ಕೆಲವು ವರ್ಷ ಕಳೆದಿತ್ತು. ರಾಮನಗರದಲ್ಲಿ ನಾವೊಂದಿಷ್ಟು ಗೆಳೆಯರು ಸೇರಿ ಆಗಾಗ ಸಂಗೀತ ಏರ್ಪಡಿಸುತ್ತೇವೆ. ಬೆಂಗಳೂರಿನಲ್ಲಿ ಹಾಡಲು ಬಂದಿದ್ದ ಆಕೆ, ದೊಡ್ಡ ಊರಿನ ಆಚೆಗೂ ಒಂದು ಕಡೆ ಹಾಡಬೇಕು ಎಂದು ಕೇಳಿದ್ದರಿಂದ ನಮ್ಮ ಪಾಲಿಗೆ ಬಂದರು. ಕಾರಿನಲ್ಲಿ ಕರೆತರುವುದು, ವೇದಿಕೆಯ ಮೇಲೆ ಅವರ ಇಂಗ್ಲಿಷನ್ನು ಕನ್ನಡಕ್ಕೆ ತರುವುದು, ಎರಡೂ ನನ್ನ ಕೆಲಸ. ಹಿಂದಿನ ಸೀಟಿನಲ್ಲಿ ಅವರ ಪಕ್ಕ ಬಂಡೂರಾ ಎಂಬ ವಾದ್ಯ ಕಂಬಳಿ ಹೊದ್ದು ಕೂತಿತ್ತು. ಮೊರದಷ್ಟು ಅಗಲದ ಹೊಟ್ಟೆ, ಎಣಿಸಲಾಗದಷ್ಟು ತಂತಿ.

ಕುಂಬಳಗೋಡು ದಾಟುವ ಹೊತ್ತಿಗೆ ನನ್ನ ನಾಲಿಗೆ ಸುಮ್ಮನಿರಲಿಲ್ಲ. "ಇದು ಪ್ರಚಾರ ಅಲ್ಲವೇ?" ಎಂದು ಕೇಳಿಯೇಬಿಟ್ಟೆ. "ಯುದ್ಧಕಾಲದಲ್ಲಿ ಒಂದು ದೇಶ ಹಾಡುವವರನ್ನು ಹೊರಗೆ ಕಳಿಸುವುದು ಸುಮ್ಮನೆ ಅಲ್ಲ. ಓದುವಾಗ ನಾವು ಇದಕ್ಕೆ ಸಾಫ್ಟ್ ಪವರ್ ಅಂತಿದ್ದೆವು."

"ಪ್ರಚಾರವೇ," ಎಂದರು ಆಕೆ, ಬೇಸರವಿಲ್ಲದೆ. "ಫಿರಂಗಿ ನಮ್ಮಲ್ಲಿ ಕಡಿಮೆ. ಹಾಡು ಬೇಕಾದಷ್ಟಿದೆ. ಇರುವುದನ್ನು ತಂದಿದ್ದೇನೆ."

ಆಮೇಲೆ ಕಿಟಕಿಯ ಕಡೆ ತಿರುಗಿ ಹೇಳಿದ್ದು ನನಗೆ ಸರಿಯಾಗಿ ನೆನಪಿದೆ, ಅಥವಾ ಹಾಗೆಂದುಕೊಂಡಿದ್ದೇನೆ. "ಹೋದ ಕಡೆಯಲ್ಲೆಲ್ಲ ಚಪ್ಪಾಳೆ ತಟ್ಟುತ್ತಾರೆ. ಆಮೇಲೆ ಕೈಕುಲುಕಿ, ರಷ್ಯಾದ ಸಂಗೀತ ಬಹಳ ಚೆನ್ನಾಗಿತ್ತು ಅನ್ನುತ್ತಾರೆ. ಅಲ್ಲಿಗೆ ಅಷ್ಟು ಹೊತ್ತು ಹಾಡಿದ್ದೂ ಒಂದೇ, ಹಾಡದಿದ್ದದ್ದೂ ಒಂದೇ. ನಿಮ್ಮ ಊರಿನಲ್ಲಿ ಒಬ್ಬರಾದರೂ ನಮ್ಮ ದೇಶದ ಹೆಸರು ಹೇಳಿಕೊಂಡು ಮನೆಗೆ ಹೋದರೆ ನನಗೆ ಸಾಕು."

ಇದೇನು ಮಹಾ ಎಂದುಕೊಂಡೆ. ಸಭಾಂಗಣ ತಲುಪಿದ ಮೇಲೆ ಗೊತ್ತಾಯಿತು.

ಅತ್ತೆ ಬೆಳಿಗ್ಗೆ ಗೂಡಿನ ಮಾರುಕಟ್ಟೆಗೆ ರೇಷ್ಮೆಗೂಡು ತಂದವಳು, ಅದು ಹರಾಜಾದ ಮೇಲೆ ನನ್ನ ಮಾತಿಗೆ ಕಟ್ಟುಬಿದ್ದು ಉಳಿದುಕೊಂಡಿದ್ದಳು. ಜೊತೆಗೆ ಅವಳ ಕೇರಿಯ ಹೆಂಗಸರು. ಮುಂದಿನ ಸಾಲು ಅವರದೇ.

"ಯಾರ್ಲಾ ಅವ್ಳು, ರಷ್ಯಾದೋಳಾ?" ಎಂದಳು.

"ಅಲ್ಲ ಕಣತ್ತೆ, ಉಕ್ರೇನ್."

"ಅದೇ ಬುಡು. ಟೀವಿಲಿ ಎಲ್ಡೂ ಒಟ್ಗೇ ಬತ್ತವೆ."

"ಒಟ್ಟಿಗೆ ಬರೋದು ಜಗಳ ಆಡ್ತಿರೋದಕ್ಕೆ."

"ಹಂಗಂದ್ರೆ ದಾಯಾದಿಗಳು ಅನ್ನು," ಎಂದು ಪಕ್ಕದವಳು ಸೇರಿಸಿದಳು. ಸಾಲು ಪೂರ್ತಿ ನಕ್ಕಿತು. ನಾನು ಒಳಗೆ ಓಡಿದೆ.

ವೇದಿಕೆಯ ಹಿಂದಿನ ಕೋಣೆಯಲ್ಲಿ ಗೆಳೆಯ ಕಾದಿದ್ದ. ಹೈಸ್ಕೂಲಿನಲ್ಲಿ ಒಂದೇ ಬೆಂಚಿನವರು ನಾವು. ಅಪ್ಪನಿಂದ ಬಂದ ಗೊಂಬೆ ಕೆಲಸ ಅವನದು. ಸನ್ಮಾನಕ್ಕೆ ಶಾಲು ಹಾರ ನಿಮ್ಮದು, ಉಡುಗೊರೆ ನಂದು ಎಂದು ಮೊದಲೇ ಹೇಳಿದ್ದ, ಏನೆಂದು ಮಾತ್ರ ಬಾಯಿ ಬಿಟ್ಟಿರಲಿಲ್ಲ. ಈಗ ಸುತ್ತಿದ್ದ ಪೇಪರ್ ಬಿಚ್ಚಿದ. ತಲೆಗೆ ಕೆಂಪು ವಸ್ತ್ರ ಕಟ್ಟಿದ, ಗುಂಡು ಕೆನ್ನೆಯ ಹೆಣ್ಣುಗೊಂಬೆ. ಅದರೊಳಗೆ ಇನ್ನೊಂದು, ಅದರೊಳಗೆ ಮತ್ತೊಂದು. ಹಾಲೆ ಮರದ ಮೇಲೆ ಅರಗಿನ ಬಣ್ಣ ಏರಿಸಿ ತಾಳೆಗರಿಯಲ್ಲಿ ಉಜ್ಜಿ ಉಜ್ಜಿ ಕನ್ನಡಿ ಮಾಡಿಬಿಟ್ಟಿದ್ದ.

"ಎರಡು ಹೋಳು ಕೂಡೋ ಜಾಗ ನೋಡ್ಲಾ. ಗೆರೆ ಕಾಣುತ್ತಾ?"

ಕಾಣಲಿಲ್ಲ. ನನಗೆ ಕಂಡದ್ದು ಬೇರೆ. "ಇದು ರಷ್ಯಾದ ಗೊಂಬೆ ಕಣೋ."

"ಅದಕ್ಕೇ ಮಾಡಿದ್ದು. ಅವ್ರ ಕಡೆದನ್ನೇ ನಮ್ ಕೈಲಿ ಮಾಡ್ಕೊಟ್ರೆ ಖುಷಿ ಪಡ್ತಾರೆ."

ಅವನ ಮನೆಯ ರೂಢಿ ಅದು. ನೆಂಟರು ಬಂದರೆ ತಮ್ಮ ಮನೆಯ ರುಚಿ ಹಚ್ಚುವುದಲ್ಲ, ಬಂದವರು ಅವರ ಮನೆಯಲ್ಲಿ ಹೇಗೆ ಉಣ್ಣುತ್ತಾರೆಂದು ಕೇಳಿ ಹಾಗೆ ಬಡಿಸುತ್ತಾರೆ. ನಾನು ಹೋದ ದಿನ ಅವನ ಅಮ್ಮಿ ಬಿರಿಯಾನಿಯ ಪಕ್ಕದಲ್ಲಿ ಮುದ್ದೆ ಇಡುತ್ತಿದ್ದರು. ಅದೇ ಲೆಕ್ಕದಲ್ಲಿ ಇವನು, ಬಾಂಬ್ ಹಾಕುತ್ತಿರುವ ದೇಶದ ಗುರುತನ್ನು ಬಾಂಬ್ ಬೀಳುತ್ತಿರುವ ಊರಿನವರಿಗೆ ಮನಸಾರೆ ಮಾಡಿ ತಂದಿದ್ದ.

ನಾನು ವಿವರಿಸಿದೆ. ಅವನ ಮುಖ ಇಳಿಯಿತು.

"ಈ ಹೊತ್ನಲ್ಲಿ ಹೇಳ್ತೀಯಲ್ಲ, ದೊಡ್ಡ ಓದ್ದೋನು."

"ನೀನು ತೋರಿಸಿದ್ದೇ ಈಗ."

"ಅಪ್ಪನ ಕಾಲದಿಂದ ಆ ಕಡೆಯೋರಿಗೆಲ್ಲ ಇದನ್ನೇ ಕೊಡ್ತಿದ್ವಿ. ಆವಾಗ ಅವ್ರೆಲ್ಲ ಒಂದೇ ಅಂತಿದ್ರು."

"ಈಗ ಒಂದಲ್ಲ. ಅದಕ್ಕೇ ಈ ಯುದ್ಧ."

"ಬಣ್ಣ ಆದ್ರೆ ಕೆರೆದು ಬೇರೆ ಹಚ್ಬೋದು. ಆಕಾರ ಏನ್ ಮಾಡ್ಲಿ? ಕೈಬೀಸ್ಕೊಂಡು ಸ್ಟೇಜ್ ಹತ್ಲಾ?"

ಅಷ್ಟರಲ್ಲಿ ಕೋಣೆಯ ಇನ್ನೊಂದು ಮೂಲೆಯಲ್ಲಿ ತಂತಿ ಬಿಗಿಯುತ್ತಿದ್ದ ಆಕೆಯ ಚೀಲದಿಂದ ಸೈರನ್ ಕೂಗಿತು. ಇಬ್ಬರೂ ಬೆಚ್ಚಿದೆವು. ಆಕೆ ಫೋನ್ ತೆಗೆದು ಸದ್ದು ಅಡಗಿಸಿದರು. ತನ್ನ ಊರಿನ ಮೇಲೆ ದಾಳಿಯ ಎಚ್ಚರಿಕೆ ಬಂದಾಗಲೆಲ್ಲ ಎಲ್ಲಿದ್ದರೂ ಇದು ಕೂಗುತ್ತದೆ ಎಂದರು. "ಈಗ ಅಮ್ಮ ನೆಲಮಾಳಿಗೆಗೆ ಇಳಿಯುತ್ತಿರುತ್ತಾಳೆ. ನಡೆಯಿರಿ, ಶುರು ಮಾಡೋಣ." ಗೆಳೆಯ ಗೊಂಬೆಯನ್ನು ಪೇಪರಿನೊಳಗೆ ತುರುಕಿದ. ಆಕೆ ಅದನ್ನು ನೋಡಿದರೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ.

ವೇದಿಕೆಯ ಮೇಲೆ ನಮ್ಮ ಮುಖ್ಯ ಅತಿಥಿಗಳು ಮೈಕ್ ಹಿಡಿದು, ರಷ್ಯಾ ನಮ್ಮ ಹಳೆಯ ಗೆಳೆಯ, ಅಲ್ಲಿಯ ಸಂಗೀತ ಕೇಳುವ ಭಾಗ್ಯ ನಮ್ಮದು ಎಂದರು. ನಾನು ಪಕ್ಕದಿಂದ "ಉಕ್ರೇನ್ ಸರ್" ಎಂದೆ. "ಅದೇ, ಅದೇ," ಎಂದು ಮುಂದುವರಿಸಿದರು. ಅನುವಾದಿಸಬೇಕಾದ ಅಗತ್ಯವೇ ಬೀಳಲಿಲ್ಲ. ಬೇಡದ ಆ ಒಂದು ಪದ ಆಕೆಗೆ ಎಲ್ಲ ಭಾಷೆಯಲ್ಲೂ ತಿಳಿಯುತ್ತಿತ್ತು. ತಂತಿಗಳ ಮೇಲಿದ್ದ ಕೈ ಮಡಿಲಿಗೆ ಇಳಿಯಿತು. ನನಗೆ ಆ ಕ್ಷಣ ಅವರಿಗಿಂತ ಹೆಚ್ಚು ಹಟ ಬಂತು. ಬೆಳಗಿನಿಂದ ಪ್ರಚಾರ ಎಂದು ಮೂಗು ಮುರಿಯುತ್ತಿದ್ದವನು, ಈ ಪ್ರಚಾರ ಗೆಲ್ಲಲೇಬೇಕೆಂದು ಬೆವರುತ್ತ ನಿಂತಿದ್ದೆ.

ಮೊದಲ ಹಾಡುಗಳಿಗೆ ಚಪ್ಪಾಳೆ ಬಿತ್ತು, ಮದುವೆಮನೆಯಲ್ಲಿ ಬೀಳುವಂಥದ್ದು. ಹಿಂದಿನ ಸಾಲಿನಲ್ಲಿ ರೇಷ್ಮೆ ನೂಲು ತೆಗೆಯುವ ಕೆಲಸ ಮುಗಿಸಿ ಬಂದಿದ್ದವರು, "ಮೊರಕ್ಕೆ ತಂತಿ ಕಟ್ಟವ್ರೆ ನೋಡ್ಲಾ" ಎಂದು ಮಾತಾಡಿಕೊಳ್ಳುತ್ತಿದ್ದರು. ಒಬ್ಬರು ಎದ್ದು ಹೊರಟರು. ಆಗ ಆಕೆ, ಮುಂದಿನದು ಉದ್ದನೆಯ ಕತೆಯ ಹಾಡು, ಮೊದಲು ಕತೆ ಹೇಳಿಬಿಡಿ ಎಂದರು. ಹೇಳಿದೆ. ಯುದ್ಧಕ್ಕೆ ಹೋದ ಮಗನ ಕುದುರೆ ಮಾತ್ರ ಮನೆಗೆ ಬರುತ್ತದೆ. ತಾಯಿ ಬಾಗಿಲಲ್ಲಿ ನಿಂತು ಅದನ್ನು ಒಂದೊಂದೇ ಪ್ರಶ್ನೆ ಕೇಳುತ್ತಾಳೆ, ಕುದುರೆ ಉತ್ತರ ಹೇಳುತ್ತದೆ.

ಆಕೆ ಒಂದು ಪ್ರಶ್ನೆ ಹಾಡಿ ನಿಲ್ಲಿಸಿದರು. ತಂತಿಯ ಸದ್ದು ಅಡಗಿತು. ಎರಡನೆಯದು ಹಾಡಿ ನಿಲ್ಲಿಸಿದರು. ಮುಂದಿನ ಸಾಲಿನಿಂದ ಗಟ್ಟಿಯಾಗಿ ಬಂತು:

"ಹೂಂ."

ಅತ್ತೆ. ವೇದಿಕೆಯ ಪಕ್ಕದಲ್ಲಿದ್ದ ನಮ್ಮ ತಂಡದವನೊಬ್ಬ "ಶ್" ಎಂದ.

"ಏನ್ ಶ್? ಕತೆ ಹೇಳ್ತಾವ್ಳೆ. ಹೂಂಗುಟ್ದೇ ಇದ್ರೆ ನಿಲ್ಸ್‌ಬುಡ್ತಾಳೆ."

ಸಭೆ ಗೊಳ್ಳೆಂದಿತು. ನಮ್ಮ ಕಡೆ ಯಾರಾದರೂ ಕತೆ ತೆಗೆದರೆ ಕೇಳುವವರಲ್ಲಿ ಒಬ್ಬರು ಹೂಂ ಅನ್ನುತ್ತಲೇ ಇರಬೇಕು. ಹೂಂ ನಿಂತರೆ ಕೇಳುವವರು ಮಲಗಿದರು ಎಂದರ್ಥ, ಕತೆಯೂ ಅಲ್ಲಿಗೇ ನಿಲ್ಲುತ್ತದೆ. ಸಂಗೀತ ಕಛೇರಿಗೆ ಆ ಪದ್ಧತಿ ಇಲ್ಲ ಎಂದು ಅತ್ತೆಗೆ ಯಾರೂ ಹೇಳಿರಲಿಲ್ಲ. ಹಾಡುಗಾರ್ತಿ ಹಾಡು ನಿಲ್ಲಿಸಿ ನನ್ನ ಕಡೆ ನೋಡಿದರು. ಅಣಕಿಸಿದರೆಂದು ತಿಳಿದಿರಬಹುದು ಎನ್ನಿಸಿತು. ಅವಸರವಾಗಿ ಹೇಳಿದೆ: "ತಾನು ಎಚ್ಚರವಾಗಿದ್ದೇನೆ, ಕೇಳುತ್ತಿದ್ದೇನೆ, ನಿಲ್ಲಿಸಬೇಡ ಅನ್ನುತ್ತಿದ್ದಾಳೆ."

ಆಕೆ ಕುರ್ಚಿಯನ್ನು ಎತ್ತಿ ಅತ್ತೆಯ ಎದುರಿಗೆ ತಿರುಗಿಸಿಕೊಂಡರು. ಮೂರನೆಯ ಪ್ರಶ್ನೆಯನ್ನು ಅವಳಿಗೇ ಹಾಡಿದರು. ಈ ಸಲ ಸಾಲಿಗೆ ಸಾಲೇ ಹೂಂ ಎಂದಿತು. ಮುಂದಿನದಕ್ಕೆ ಹಿಂದಿನ ಬೆಂಚುಗಳೂ ಸೇರಿದವು. ಹೊರಟಿದ್ದವರು ಬಾಗಿಲಲ್ಲೇ ನಿಂತು ಹೂಂಗುಟ್ಟಿದರು. ಭಾಷೆಯ ಒಂದಕ್ಷರ ಯಾರಿಗೂ ತಿಳಿಯದು, ಆದರೂ ಎಲ್ಲಿ ಹೂಂ ಬೀಳಬೇಕೆಂದು ಎಲ್ಲರಿಗೂ ಗೊತ್ತು. ಆಕೆಯ ದನಿ ಏರಿತು, ಬೆರಳು ಓಡಿತು. ಕೊನೆಕೊನೆಗೆ ಕುದುರೆಯ ಉತ್ತರ ಏನಿರುತ್ತದೆಂದು ಎಲ್ಲರೂ ಊಹಿಸಿದ್ದರೇನೋ, ಹೂಂ ತಗ್ಗುತ್ತ ತಗ್ಗುತ್ತ ಉಸಿರಿನಷ್ಟಾಯಿತು.

ಹಾಡು ಮುಗಿಯಿತು. ಚಪ್ಪಾಳೆಗೆ ಮೊದಲೇ ಅತ್ತೆ ಕೇಳಿದಳು, "ಆಮೇಕೆ ಅವ್ವ ಏನ್ ಮಾಡುದ್ಲು?"

ಅನುವಾದಿಸಿದೆ. ಆಕೆ ಒಂದು ಗಳಿಗೆ ಯೋಚಿಸಿ ಹೇಳಿದರು, "ಕುದುರೆಗೆ ನೀರು ಕೊಟ್ಟಳು." ಅದು ಹಾಡಿನಲ್ಲೇ ಇತ್ತೋ, ಅತ್ತೆಗಾಗಿ ಆಗಲೇ ಕಟ್ಟಿದ್ದೋ, ನಾನು ಕೇಳಲಿಲ್ಲ.

"ಹೂಂ," ಎಂದಳು ಅತ್ತೆ. ಆಗ ಬಿತ್ತು ನೋಡಿ ಚಪ್ಪಾಳೆ.

ಶಾಲು ಹೊದಿಸಿ, ಹಾರ ಹಾಕಿದ ಮೇಲೆ ನನ್ನ ಗೆಳೆಯನನ್ನು ಕರೆಯಲೇಬೇಕಾಯಿತು. ಇಲ್ಲಿಂದ ಮುಂದಿನದೇ ನಾನು ನಂಬದಿರುವ ನೆನಪು. ಅವನು ಪರದೆಯ ಹಿಂದೆ ಗೊಂಬೆಗಳನ್ನು ಒಂದೊಂದಾಗಿ ತಿರುಗಿಸಿ ಬಿಚ್ಚುತ್ತಿದ್ದ. ಎಲ್ಲಕ್ಕೂ ಒಳಗಿನದು, ಬಿಚ್ಚಲು ಬಾರದ ಗಟ್ಟಿ ಗೊಂಬೆ, ಹೆಬ್ಬೆರಳಿನಷ್ಟು. ಅಷ್ಟು ಚಿಕ್ಕದಕ್ಕೆ ಮುಖ ಬರೆಯದೆ, ಬುಗುರಿಗೆ ಎಳೆಯುವಂತೆ ಬರೀ ಕೆಂಪು ಹಳದಿ ಪಟ್ಟಿ ಎಳೆದಿದ್ದ. ಉಳಿದವನ್ನು ಅಲ್ಲೇ ಬಿಟ್ಟು, ಅದೊಂದನ್ನು ಅಂಗೈಯಲ್ಲಿಟ್ಟುಕೊಂಡು ಬಂದು ಆಕೆಗೆ ಕೊಟ್ಟ. "ಇದು ಇನ್ನ ಯಾವ್ದ್ರೊಳಗೂ ಇಲ್ಲ ಅಂತ ಹೇಳ್ಲಾ," ಎಂದ. ನಾನು ಹೇಳಿದೆ. ಆಕೆ ಅದನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡರು, ಶಾಲು ಜಾರಿ ಬಿದ್ದರೂ ಎತ್ತಲಿಲ್ಲ.

ಹೊರಗೆ ಬಂದಾಗ ಆಕೆಯ ಫೋನಿನಲ್ಲಿ ಅಪಾಯ ಕಳೆಯಿತೆಂಬ ಸಂದೇಶ ಬಂದಿತ್ತು. ಅಮ್ಮ ಮೇಲೆ ಹತ್ತಿ ಬಂದಿದ್ದಾಳೆ ಎಂದರು. ಅದನ್ನು ಅತ್ತೆಗೆ ಹೇಳಿದೆ. ಅವಳು ಆಕೆಯ ಎರಡೂ ಕೈ ಹಿಡಿದುಕೊಂಡು, "ನಿಮ್ಮವ್ವಂಗೆ ಹೇಳವ್ವ, ಉಕ್ರೇನಿನ ಕತೆನ ಕೂಟಗಲ್ಲಿನೋರು ಕೂತು ಕೇಳುದ್ರು ಅಂತ," ಎಂದಳು. ನಾನು ಅನುವಾದಿಸಲು ಬಾಯಿ ತೆರೆಯುವ ಮೊದಲೇ, ತಮ್ಮ ದೇಶದ ಹೆಸರು ಕೇಳಿ ಆಕೆ ಮುಖ ಎತ್ತಿದ್ದರು.

ಯುದ್ಧ ನಿಲ್ಲಲಿಲ್ಲ, ಅದು ನನಗೂ ಗೊತ್ತು. ಆದರೆ ಗೊಂಬೆ ಕೊಡುವಾಗ ಗೆಳೆಯ ಆಡಿದ ಮಾತು ನನ್ನನ್ನು ಬಿಡಲಿಲ್ಲ. ಹಾಗೆ ಹೇಳಿದವನು ಅವನೋ, ಅವನ ಬಾಯಿಗೆ ಆ ಮಾತು ಇಟ್ಟವನು ನಾನೋ? ಗೆಳೆಯನನ್ನು ಕೇಳಿದಾಗಲೆಲ್ಲ, "ಆ ಗೊಂಬೆ ವಿಸ್ಯ ತೆಗೀಬ್ಯಾಡ ಕಣ್ಲಾ, ಏನೂ ಕೊಟ್ಟಿಲ್ಲ, ಎಲ್ಲಾ ಅಟ್ಟದ ಮೇಲೈತೆ" ಎನ್ನುತ್ತಾನೆ. ತಪ್ಪು ಗೊಂಬೆ ಮಾಡಿದ ನಾಚಿಕೆ ಅವನಿಗೆ ಇನ್ನೂ ಇಳಿದಿಲ್ಲ.

ಹೋದ ಭಾನುವಾರ ಚನ್ನಪಟ್ಟಣಕ್ಕೆ ಹೋದೆ. ಅವನು ಚಹಾ ತರಲು ಒಳಗೆ ಹೋದಾಗ ಏಣಿ ಹಾಕಿ ಅಟ್ಟ ಹತ್ತಿದೆ. ಅದೇ ಪೇಪರಿನಲ್ಲಿ ಗೊಂಬೆ ಇತ್ತು. ಒಂದೊಂದಾಗಿ ತಿರುಗಿಸಿ ಬಿಚ್ಚುತ್ತ ಹೋದೆ. ಬಿಚ್ಚಲು ಬರುವ ಕೊನೆಯದರೊಳಗೆ, ಆ ಗಟ್ಟಿ ಗೊಂಬೆ ಇರಬೇಕಾದಲ್ಲಿ, ಏನೂ ಇರಲಿಲ್ಲ.