ಹೋರಿಯ ಹೊಟ್ಟೆಯ ಮೇಲೆ ಐದು ಬೆರಳು

ಗಾರೆಯವನಿಗೆ ವಾರ, ಬೆರಳಿಗೆ ನಿಮಿಷ. ಗಾದೆಯನ್ನು ಕುಂಬಾರನ ಕೈಯಿಂದ ಕಿತ್ತು ಹೀಗೆ ತಿರುಚಿದವರು ಚಾಮರಾಜಪೇಟೆಯ ಗಾರೆ ಮೇಸ್ತ್ರಿ ವರದರಾಜ. ತಿರುಚಿದ್ದು ಗಾದೆಯನ್ನಷ್ಟೇ, ಮುಂದಿನದೆಲ್ಲ ನಡೆದದ್ದೇ.

1998ರ ಒಂದು ಭಾನುವಾರ, ಇನ್ನೂ ಸರಿಯಾಗಿ ಬೆಳಕಾಗಿಲ್ಲ. ಶಾಲೆಯೊಂದರ ಚರಿತ್ರೆ ಕೋಣೆಯಲ್ಲಿ ವರದರಾಜ ನೀಲಿ ಹೋರಿಯ ಗೊರಸಿಗೆ ಕಪ್ಪು ಗೆರೆ ಎಳೆಯುತ್ತಿದ್ದಾರೆ. ಮಂಡಿಯೂರಿದ ಹೋರಿಗಳು, ನಡುನಡುವೆ ದುಂಡು ಹೂಗಳು. ಪ್ರಾಚೀನ ಅಸ್ಸೀರಿಯಾದ ಅರಮನೆಗಳಲ್ಲಿ ಗಾರೆಯ ಮೇಲೆ ಹೀಗೆಯೇ ಬಣ್ಣ ಬರೆಯುತ್ತಿದ್ದರಂತೆ. ಮೇಷ್ಟ್ರು ಚಂದ್ರಶೇಖರಯ್ಯ ಚಿತ್ರ ತಂದುಕೊಟ್ಟು, ಮಕ್ಕಳಿಗಾಗಿ ಅಂಥದೇ ಗೋಡೆ ಬೇಕೆಂದಿದ್ದಾರೆ. ನಾಳೆ ಉದ್ಘಾಟನೆ, ಕೊನೆಯ ಹೋರಿಯ ಗಾರೆ ಇನ್ನೂ ಹಸಿಯೆಂದೇ ವರದರಾಜರ ಲೆಕ್ಕ.

"ಆ ರಾಜರ ಪುಣ್ಯ, ಅರಮನೆ ಬೆಂಗಳೂರಲ್ಲಿರ್ಲಿಲ್ಲ," ಎಂದು ವರದರಾಜ ಗೊಣಗುತ್ತಾರೆ. "ಇಲ್ಲಿ ಹಸಿ ಗಾರೆ ಕಂಡ್ರೆ ಸಾಕು, ಬೆರಳು ಒತ್ತಲೇಬೇಕು." ಶಾಲೆಯ ವಾಚ್‌ಮನ್ನನ ಗೊಗ್ಗರು ದನಿಯನ್ನು ಅಣಕಿಸಿ, "ಒಣಗಿದ್ಯಾ ಅಂತ ನೋಡ್ದೆ ಸಾ, ಅಷ್ಟೇ!" ಮರುಕ್ಷಣ ಹೆಡ್‌ಮಿಸ್ಸಿನ ಮೂಗುದನಿ, "ಇನ್ನೂ ಒಣಗಿಲ್ವೇನ್ರೀ?" ಆಮೇಲೆ ತಮ್ಮದೇ ದನಿಯಲ್ಲಿ, "ಮುಟ್ಟಬೇಡಿ ಅಂತ ಬೋರ್ಡ್ ಹಾಕಿದ್ರೆ, ಗೋಡೆಗೆ ಕೈ ಊರಿಕೊಂಡು ಬೋರ್ಡ್ ಓದ್ತಾರೆ!"

ಬಸವನಗುಡಿಯ ಬಾಗಿಲುಗಳ ಮೇಲೆ ಗಾರೆಯ ಹೂಬಳ್ಳಿ ಬಿಡಿಸುವುದು ಅಪ್ಪನಿಂದ ಬಂದ ಕಸುಬು. ಆ ಮನೆಗಳು ಒಂದೊಂದಾಗಿ ಅಪಾರ್ಟ್‌ಮೆಂಟ್ ಆಗುತ್ತಿವೆ. ಬಳ್ಳಿಗಳು ಲಾರಿ ಹತ್ತಿ ಹೋಗಿವೆ. ಹಾಗಾಗಿ ಈ ಒಂದು ಗೋಡೆಯಾದರೂ ತಗ್ಗಿಲ್ಲದೆ ಉಳಿಯಲೆಂಬ ಹಟ.

ಟೀ ಕುಡಿದು ಬಂದ ವರದರಾಜ ಬಾಗಿಲಲ್ಲೇ ನಿಂತುಬಿಡುತ್ತಾರೆ. ಕೊನೆಯ ಹೋರಿಯ ಹೊಟ್ಟೆಯಲ್ಲಿ ಐದು ಬೆರಳು ಆಳಕ್ಕೆ ಇಳಿದಿವೆ.

"ಯಾವನೋ ಅವನು! ಹೊಟ್ಟೆ ನೋವಾಗಿತ್ತಾ ಹೋರಿಗೆ, ಅಮುಕಿ ನೋಡೋಕೆ?"

ಕರಣೆಯಲ್ಲಿ ಗಾರೆ ತೆಗೆದುಕೊಂಡು ತಗ್ಗಿಗೆ ಮೆತ್ತಲು ಹೋಗುತ್ತಾರೆ. ಗಾರೆ ನಿಲ್ಲದೆ ಜಾರಿ ಕಾಲ ಮೇಲೆ ಬೀಳುತ್ತದೆ. ಸವರಿ ನೋಡಿದರೆ ಗೋಡೆ ಒಣಗಿದೆ, ನುಣ್ಣಗೂ ಇದೆ. ತಗ್ಗೇ ಇಲ್ಲ! ಬೆರಳು, ಅಂಚಿನ ನೆರಳು, ಎಲ್ಲವೂ ಬಣ್ಣ.

ಸುಣ್ಣದ ಜರಡಿಯ ಹಿಂದೆ, ವರ್ಷಗಳಿಂದ ಅವರಿಗೆ ಗಾರೆ ಕಲಸಿಕೊಡುವ ನರಸಮ್ಮ ಸೆರಗಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಾರೆ.

"ನೀನಾ? ಬ್ರಷ್ ಹಿಡಿಯೋದು ಯಾವಾಗ ಕಲ್ತೆ?"

"ಇಷ್ಟು ವರ್ಷ ನಿಮ್ ಬೆನ್ನ ಹಿಂದೇನೇ ನಿಂತಿದೀನಲ್ಲ ಮೇಸ್ತ್ರಿ. ಕಲಸೋದು ಕೈ, ಕಣ್ಣು ಖಾಲೀನೇ ಇರುತ್ತೆ."

"ಅಳಿಸಿಬಿಡ್ಲಾ?" ಎನ್ನುತ್ತಾ ಆಕೆ ಒದ್ದೆ ಬಟ್ಟೆ ಎತ್ತಿಕೊಳ್ಳುತ್ತಾರೆ.

"ಮುಟ್ಟೀಯ ಜೋಕೆ!" ವರದರಾಜ ಅಡ್ಡ ನಿಲ್ಲುತ್ತಾರೆ. ಕರಣೆ ಕೆಳಗಿಟ್ಟು, ತಮ್ಮ ಬ್ರಷ್ಷನ್ನು ಆಕೆಗೇ ಚಾಚುತ್ತಾರೆ. "ಆ ಮೂಲೆ ಹೂಗಳು ನಿನ್ವು. ಆ 'ಮುಟ್ಟಬೇಡಿ' ಬೋರ್ಡ್ ಕಿತ್ತು ಹಾಕು. ನಾಳೆ ಎಲ್ರೂ ಬಂದು ಮುಟ್ಟಿ ನೋಡ್ಲಿ."

ಹೆಡ್‌ಮಿಸ್ಸು ಬೆರಳು ಚಾಚಿ ಪೆಚ್ಚಾಗುವುದನ್ನು ನೆನೆದು ಅವರು ನಗತೊಡಗುತ್ತಾರೆ. ಆ ನಗು ಎಷ್ಟು ಜೋರೆಂದರೆ, ಗೇಟಿನಿಂದ ವಾಚ್‌ಮನ್ ಓಡಿಬರುತ್ತಾನೆ. ಬಂದವನೇ ಹೋರಿಯ ಹೊಟ್ಟೆಗೆ ಬೆರಳಿಡುತ್ತಾನೆ.