ನಾಲ್ಕನೆಯ ರ‍್ಯಾಕಿನ ಗಂಟು

ಕಲಾವತಿ ಕಾಕೂನ ಸೀರೆಗಳೆಲ್ಲ ಸೆರಗಿನಲ್ಲಿ ಒಂದು ಗೇಣು ಕಡಿಮೆ. ಕೊಂಡಾಗ ಸರಿಯಾಗಿಯೇ ಇರುತ್ತಿದ್ದವು. ಆಮೇಲೆ ಒಂದೊಂದೇ ಪಟ್ಟಿ ಹೋಗುತ್ತಿತ್ತು. ಅಂಚನ್ನು ಹಲ್ಲಿನಿಂದ ಕಚ್ಚುವಳು, ಚರ್ರನೆ ಹರಿಯುವಳು, ಕಬ್ಬಿಣದ ಕಂಬಕ್ಕೆ ಕಟ್ಟುವಳು. ಮನೆಯಲ್ಲಿ ಸೊಸೆ ಬೈಯುತ್ತಿದ್ದಳಂತೆ: "ಮಂದಿ ಸೀರಿ ಹಳೇದಾದ ಮ್ಯಾಲ ಹರೀತಾವು. ನಮ್ಮತ್ತಿದು ಹೊಸಾದ ಇದ್ದಾಗ ಹರೀತೈತಿ."

ತೆಲಸಂಗದ ಹೊರಗಿನ ಒಂದು ಒಣದ್ರಾಕ್ಷಿ ಶೆಡ್ಡಿನಲ್ಲಿ ಆಕೆ ಹದಿಮೂರು ಹೆಂಗಸರಿಂದ ಕೆಲಸ ಮಾಡಿಸುವ ಮುಕಾದಮಳಾಗಿದ್ದಳು. ರೈತರು ತಂದ ದ್ರಾಕ್ಷಿಯನ್ನು ಔಷಧದ ನೀರಿನಲ್ಲಿ ಅದ್ದಿ, ಜಾಳಿಗೆಯ ರ‍್ಯಾಕುಗಳ ಮೇಲೆ ಹರವಿ, ಎರಡು ವಾರ ಗಾಳಿಗೆ ಒಣಗಿಸುವ ಕೆಲಸ. ಮಳೆ ಹನಿ ತಾಗಬಾರದು, ಗಾಳಿಯೂ ನಿಲ್ಲಬಾರದು. ತಾಡಪತ್ರಿಯ ಪರದೆ ಯಾವಾಗ ಇಳಿಬಿಡಬೇಕು, ಯಾವಾಗ ಎತ್ತಬೇಕು ಎಂದು ದಿನಕ್ಕೆ ಹತ್ತು ಸಲ ಯಾರಾದರೂ ತೀರ್ಮಾನಿಸಲೇಬೇಕು. ತೀರ್ಮಾನಿಸಿದವರು ತಮ್ಮ ಬಟ್ಟೆಯ ಒಂದು ಚಿಂದಿಯನ್ನು ಆ ರ‍್ಯಾಕಿನ ಕಂಬಕ್ಕೆ ಕಟ್ಟಬೇಕು ಎಂಬುದು ಕಾಕೂ ಹಾಕಿದ ಪದ್ಧತಿ. ಮಾಲು ಚೆನ್ನಾಗಿ ಇಳಿದರೆ ಚಿಂದಿ ಬಿಚ್ಚಿ ಚಹಾದ ಒಲೆಗೆ. ಕೆಟ್ಟರೆ ಅದು ಅಲ್ಲೇ ಇರಬೇಕು. ಹಾಗೆ ಕಂಬಗಳಲ್ಲಿ ಉಳಿದಿದ್ದ ಚಿಂದಿಗಳಲ್ಲಿ ಹೆಚ್ಚಿನವು ಕಾಕೂನವೇ.

"ಭಾಳ ಕೆಡಿಸೀರಿ ಕಾಕೂ," ಎಂದು ಮೊದಲ ವಾರ ನಾನು ಹೇಳಿದ್ದೆ.

"ಭಾಳ ಮಾಡೀನಿ ಅನ್ನು," ಎಂದಿದ್ದಳು.

ನಾನು ಧಾರವಾಡದಲ್ಲಿ ಎಂ.ಎ. ಮುಗಿಸಿ ಸೂಪರ್‌ವೈಸರ್ ಆಗಿ ಬಂದವನು. ಕಾಗದದ ಮೇಲೆ ನಾನೇ ಕಾಕೂಗೆ ಮೇಲಿನವನು. ಮಂದಿಯ ಮುಂದೆ ಆಕೆ ನನ್ನನ್ನು "ಸಾಹೇಬ್ರ" ಎನ್ನುತ್ತಿದ್ದಳು, ಮಂದಿ ಇಲ್ಲದಾಗ "ಲೇ ತಮ್ಮಾ". ರ‍್ಯಾಕಿನ ಮೇಲಿನ ಸಾಲನ್ನಷ್ಟೇ ನೋಡಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದ ನನ್ನನ್ನು ಒಂದು ದಿನ ಭುಜ ಹಿಡಿದು ಕೂರಿಸಿದಳು. "ಮ್ಯಾಲಿಂದು ಎಲ್ಲಾರಿಗೂ ಕಾಣತೈತಿ. ಗಾಳಿ ಆಡದೇ ಇರೂದು ತೆಳಗಿನ ಸಾಲಿನ್ಯಾಗ. ಸಾಹೇಬ ಆಗಿ ಬಂದೀಯಲ್ಲಾ, ಬಗ್ಗು."

ಆಕೆ ನಿಪ್ಪಾಣಿಯಲ್ಲಿ ಬೀಡಿ ಕಟ್ಟುವವರ ಮನೆಯಲ್ಲಿ ಹುಟ್ಟಿದವಳು. ಸಿಟ್ಟು ಬಂದರೆ ಮರಾಠಿ ಬರುತ್ತಿತ್ತು. ಒಮ್ಮೆ ಶೋಭಾ ಮತ್ತು ಮಾಲನ್ ಎಂಬ ಇಬ್ಬರು ಜಗಳವಾಡಿ ಮಾತು ಬಿಟ್ಟಿದ್ದರು. "ಗಪ್ಪ ಬಸಾ!" ಎಂದು, ದೂರು ಹೇಳಲು ಬಂದ ಇಬ್ಬರನ್ನೂ ಗದರಿಸಿ ಬಾಯಿ ಮುಚ್ಚಿಸಿದ ಕಾಕೂ, ನ್ಯಾಯ ಕೇಳಲೇ ಇಲ್ಲ. ಇಡೀ ದಿನ ತುಂಬಿದ ಕ್ರೇಟುಗಳನ್ನು ಇಬ್ಬರೂ ಸೇರಿಯೇ ಹೊರಬೇಕು ಎಂದಳು. ಒಂದು ಕ್ರೇಟು, ಎರಡು ಕಡೆ ಹಿಡಿಕೆ. ಹೆಜ್ಜೆ ಕೂಡದಿದ್ದರೆ ಹಣ್ಣು ಚೆಲ್ಲುತ್ತದೆ. ಮೂರನೆಯ ಸುತ್ತಿಗೆ ಶೋಭಾ "ಸಾವಕಾಶ ನಡಿಯ ಬೇ" ಎಂದಳು. ಅಲ್ಲಿಗೆ ಮಾತು ಶುರುವಾಯಿತು. ಈಗ ಬರೆಯುವಾಗ ಅದು ಮೂರನೆಯ ಸುತ್ತೋ ಹತ್ತನೆಯದೋ ಎಂಬ ಅನುಮಾನ ಬರುತ್ತದೆ. ನನ್ನ ನೆನಪಿಗೆ ಕತೆ ತಿದ್ದುವ ಚಟ ಇದೆ. ಅದು ಎಷ್ಟರ ಮಟ್ಟಿಗೆ ಎಂಬುದು ನನಗೆ ಗೊತ್ತಾಗಲು ಒಂಬತ್ತು ವರ್ಷ ಬೇಕಾಯಿತು.

ಆ ಹಂಗಾಮಿನ ಒಂದು ಮಧ್ಯಾಹ್ನ ಪಡುವಣಕ್ಕೆ ಮೋಡ ಕಟ್ಟಿತ್ತು. ನಾಲ್ಕನೆಯ ರ‍್ಯಾಕಿನಲ್ಲಿ ಅಥಣಿ ಕಡೆಯ ಅಣ್ಣಾಸಾಬ ಎಂಬ ರೈತರ ಮಾಲು, ಒಂಬತ್ತು ದಿನ ಒಣಗಿದ್ದು. ಮೊಬೈಲು ಮಳೆ ಬರುತ್ತದೆ ಎನ್ನುತ್ತಿತ್ತು.

"ನೀ ಏನಂತಿ?" ಎಂದಳು ಕಾಕೂ.

"ಮುಚ್ಚೂಣು."

ಆಕೆ ಶೆಡ್ಡಿನ ಅಂಚಿಗೆ ಹೋಗಿ ಮೋಡ ನೋಡಿ ಬಂದಳು. "ನನಗ ಮಳಿ ಕಾಣವಲ್ದು. ಉಳದದ್ದು ನಾ ತೆರದ ಇಡ್ತೀನಿ. ನಾಕನೇದ್ದು ನಿನಗ. ಚಿಂದಿ ಕಟ್ಟು."

ನಾನು ನೀಲಿ ಚೌಕಳಿಯ ಕರವಸ್ತ್ರವನ್ನು ಕತ್ತರಿಸಿ ಕಟ್ಟಿದೆ. ನಾಲ್ಕೂ ಕಡೆ ತಾಡಪತ್ರಿ ಇಳಿಬಿಡಿಸಿದೆ. ಮಳೆ ಬರಲಿಲ್ಲ, ಇದ್ದ ಗಾಳಿಯೂ ನಿಂತಿತು. ಬೆಳಿಗ್ಗೆ ತೆರೆದಾಗ ಒಳಗೆಲ್ಲ ಬೆವರು, ಹೊಂಬಣ್ಣಕ್ಕೆ ತಿರುಗುತ್ತಿದ್ದ ದ್ರಾಕ್ಷಿ ಕಪ್ಪಗಾಗಿತ್ತು.

ಅಣ್ಣಾಸಾಬರು ಬಂದು "ಯಾರ್ ಮುಚ್ಚಿದ್ದು?" ಎಂದು ಕೂಗಿದಾಗ ಎಲ್ಲರೂ ಕಂಬ ನೋಡಿದರು, ನಾನೂ ನೋಡಿದೆ. ಅಲ್ಲಿ ಕಾಕೂನ ಹಸಿರು ಚಿಂದಿ ಇತ್ತು. ನನ್ನ ನೀಲಿ ಕಾಣಲಿಲ್ಲ.

"ನನ್ನ ಚಿಂದಿ ಐತಿ ನೋಡ್ರಿ," ಎಂದಳು ಕಾಕೂ.

"ವಯಸ್ಸಾತು ನಿನಗ. ಮನಿ ಹಿಡಿ!"

ನಾನು ಬಾಯಿ ಬಿಡಲಿಲ್ಲ. ಮರುವರ್ಷ ಅವರು ತಮ್ಮ ಹಣ್ಣನ್ನು ಬೇರೆ ಶೆಡ್ಡಿಗೆ ಒಯ್ದರೆಂದು ಕೇಳಿದೆ. ಅಷ್ಟರಲ್ಲಿ ನಾನು ರಾಯಬಾಗದ ಒಂದು ರೈತ ಸಂಘದಲ್ಲಿ ಕೆಲಸ ಹಿಡಿದಿದ್ದೆ.

ನನ್ನ ಗಂಟನ್ನು ಕಾಕೂ ಬಿಚ್ಚಿ ತನ್ನದನ್ನು ಕಟ್ಟಿದಳು ಎಂದೇ ನಂಬಿದ್ದೆ. ನಂಬಿದ್ದೆ ಎಂದರೆ ಸಾಲದು, ನೋಡಿದ್ದೆ. ಮುಸ್ಸಂಜೆಯಲ್ಲಿ ಆಕೆ ಹಲ್ಲಿನಿಂದ ಗಂಟು ಸಡಿಲಿಸುತ್ತಿದ್ದುದು ಕಣ್ಣಿಗೆ ಕಟ್ಟಿತ್ತು. ಆದರೆ ಆ ದಿನದ ಡೈರಿಯಲ್ಲಿ ಇರುವುದು ಇಷ್ಟೇ: "ಮಾಲು ಕಪ್ಪಾಯಿತು. ನಾನು ಮಾತಾಡಲಿಲ್ಲ."

ರಾಯಬಾಗದಲ್ಲಿ ನಾನು ಮ್ಯಾನೇಜರ್ ಆದೆ. ನನ್ನ ಕೈಕೆಳಗೆ ಒಂಬತ್ತು ಜನ. ಗೋದಾಮಿನ ಬೀಗ ಬದಲಿಸಲೂ ಅವರು ನನ್ನನ್ನೇ ಕೇಳಬೇಕಿತ್ತು. ಸಾಹೇಬರಿಗೆ ಜವಾಬ್ದಾರಿ ಹೆಚ್ಚು ಎಂದು ಅವರು ಹೇಳಿಕೊಳ್ಳುತ್ತಿದ್ದರು. ನನಗಿದ್ದದ್ದು ಹೆದರಿಕೆ. ಇನ್ನೊಬ್ಬರಿಗೆ ತೀರ್ಮಾನ ಬಿಟ್ಟುಕೊಟ್ಟು, ಅದು ಕೆಟ್ಟರೆ, ಕಾಕೂನಂತೆ ಗಂಟು ಬದಲಿಸುವ ಎದೆ ನನಗಿಲ್ಲ ಎಂದು ಗೊತ್ತಿತ್ತು.

ಕಳೆದ ವರ್ಷ ಕಾಕೂ ಹಾಸಿಗೆ ಹಿಡಿದಿದ್ದಾಳೆಂದು ತಿಳಿದು ತೆಲಸಂಗಕ್ಕೆ ಹೋದೆ. ಮಂಚದ ಪಕ್ಕ ಕೂತು ಎಲ್ಲ ಹೇಳಿದೆ. ಆಕೆ ನಕ್ಕಳು, ನಗು ಕೆಮ್ಮಾಯಿತು.

"ಬಿಚ್ಚಿದ್ನಿ? ಕೆಟ್ಟದ್ದು ಯಾವತ್ತರ ಬಿಚ್ಚೀನೇನ ನಾ? ನಿಂದರ ಮ್ಯಾಲ ನಂದ ಕಟ್ಟೀನಿ."

"ಯಾಕ ಕಾಕೂ?"

"ನಿನಗ ಕೊಟ್ಟಾಕಿ ಯಾರ? ಮಳಿ ಬರಂಗಿಲ್ಲ ಅಂತ ಗೊತ್ತಿದ್ದೂ ಕೊಟ್ನಿ. ಮಂದಿ ಮಾಲಿನ್ಯಾಗ ನಿನಗ ಸಾಲಿ ಕಲಸಿದ್ನಿ. ಅದ ನನ್ನ ತಪ್ಪ. ಮುಚ್ಚಿದ್ದು ನಿಂದು, ಕೊಟ್ಟದ್ದು ನಂದು."

"ಅಣ್ಣಾಸಾಬ್ರಿಗೆ?"

"ಸಂಜಿಮುಂದ ಅವರ ಮನೀಗೇ ಹೋಗಿ ಹೇಳಿ ಬಂದ್ನಿ, ಹುಡುಗನೂ ಅದಾನ ಇದರಾಗ ಅಂತ."

"ಏನಂದ್ರು?"

"ಹಂಗಾರ ಇಬ್ಬರೂ ಮನಿ ಹಿಡೀರಿ ಅಂದ್ರು." ಮತ್ತೆ ಕೆಮ್ಮು. "ಹೋಗ ತಮ್ಮಾ, ಬಸ್ಸ ತಪ್ಪತೈತಿ."

ಆಕೆ ನನಗೆ ಹೇಳಿದ ಕೊನೆಯ ಮಾತು ಅದು. ಬಸ್ಸಿನಲ್ಲಿ ಅನುಮಾನ ಹತ್ತಿತು. ಮಲಗಿದ ಮುದುಕಿ ಹುಡುಗನ ಸಮಾಧಾನಕ್ಕೆ ಏನಾದರೂ ಹೇಳಬಹುದಲ್ಲ? ನಾನು ಕಣ್ಣಾರೆ ಕಂಡದ್ದು ಸುಳ್ಳೆ?

ಎರಡು ತಿಂಗಳಲ್ಲಿ ಕಾಕೂ ತೀರಿಕೊಂಡಳು. ದಿನಕರ್ಮಕ್ಕೆ ಹೋದವನು ಊಟವಾದ ಮೇಲೆ ಶೆಡ್ಡಿಗೆ ನಡೆದೆ. ಈಗ ಅಲ್ಲಿ ಶೋಭಾನೇ ಮುಕಾದಮಳು. ನಾಲ್ಕನೆಯ ರ‍್ಯಾಕಿನ ಕಂಬದಲ್ಲಿ ಆ ಹಸಿರು ಚಿಂದಿ ಬೂದಿ ಬಣ್ಣಕ್ಕೆ ತಿರುಗಿತ್ತು.

"ಸರ, ಬಿಚ್ಚಬ್ಯಾಡ್ರಿ!" ಶೋಭಾ ಹಿಂದಿನಿಂದ ಕೂಗಿದಳು.

"ಬಿಚ್ಚಂಗಿಲ್ಲ. ಸರಿಸಿ ನೋಡ್ತೀನಿ."

ಉಗುರಿನಿಂದ ಮೆಲ್ಲಗೆ ಮೇಲಕ್ಕೆ ಜರುಗಿಸಿದೆ. ಕೆಳಗೆ ನೀಲಿ ಚೌಕಳಿ. ಹಸಿರು ಮುಚ್ಚಿದ್ದಷ್ಟು ಜಾಗದಲ್ಲಿ ಬಣ್ಣ ಮಾಸಿರಲಿಲ್ಲ, ನಿನ್ನೆ ಕಟ್ಟಿದಂತಿತ್ತು.

"ನಿಮ್ಮದ ಹುಡಕಾಕತ್ತಿದ್ರೇನ್ರಿ?" ಎಂದಳು ಶೋಭಾ. "ಕೇಳಿದ್ರ ನಾನ ಹೇಳ್ತಿದ್ನಿ. ಕಾಕೂ ಹೊಸಬರಿಗೆಲ್ಲಾ ತೋರಸ್ತಿದ್ಲು. ಇದ ನಮ್ಮ ಎಂ.ಎ. ಸಾಹೇಬಂದು, ಹುಚ್ಚಪ್ಯಾಲಿ, ಮೊಬೈಲ್ ನೋಡಿ ಮುಚ್ಚಿದ, ಅಂತ."

ನಾನು ಕಂಬ ಹಿಡಿದು ನಕ್ಕೆ. ಒಂಬತ್ತು ವರ್ಷ ನಾನು ಬಚ್ಚಿಟ್ಟುಕೊಂಡಿದ್ದೇನೆ ಎಂದುಕೊಂಡದ್ದು ಈ ಶೆಡ್ಡಿನಲ್ಲಿ ಎಲ್ಲರಿಗೂ ಪಾಠವಾಗಿತ್ತು. ಕಾಕೂ ನನಗಾಗಿ ಸುಳ್ಳು ಹೇಳಿರಲಿಲ್ಲ. ಅಂದು ನಾನು ಬಾಯಿ ಬಿಡದಿದ್ದದ್ದು ಮಾತ್ರ ಹಾಗೇ ಉಳಿದಿದೆ, ಡೈರಿಯಲ್ಲಿ ಬರೆದಷ್ಟೇ ಗಾತ್ರದಲ್ಲಿ. ಅಷ್ಟನ್ನು ಹೊರಬಹುದು.

ರಸ್ತೆಗೆ ಬರುವಾಗ ಸಂಘದ ಸವಿತಾ ಫೋನು ಮಾಡಿದಳು. "ಸರ, ಗೋವಿನಜೋಳದ ಚೀಲ ಹೊರಗ ಅದಾವ್ರಿ. ಮೋಡ ಆಗೈತಿ. ಒಳಗ ಇಡಸ್ಲೇನ್ರಿ?"

"ನಿನಗ ಏನ ಅನಸ್ತೈತಿ?"

"ನೀವ ಹೇಳ್ರಿ ಸರ."

"ಮೋಡ ಕಾಣೂದು ನಿನಗ, ನನಗಲ್ಲ. ನೋಡಿ ನೀನ ಮಾಡು. ಕೊಟ್ಟಾಂವ ನಾನು."

ಏನು ಮಾಡಿದಳೆಂದು ತಿರುಗಿ ಕೇಳಲಿಲ್ಲ. ರಾಯಬಾಗದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಗೋದಾಮಿನ ಬಾಗಿಲಿಗೆ ಕಟ್ಟಲು ಏನಾದರೂ ಬೇಕಲ್ಲ. ಜೇಬಿನಿಂದ ಕರವಸ್ತ್ರ ತೆಗೆದು ಅಂಚನ್ನು ಹಲ್ಲಿನಿಂದ ಕಚ್ಚಿದೆ. ಪಕ್ಕದವರು ತಿರುಗಿ ನೋಡುವಷ್ಟು ಜೋರಾಗಿ ಅದು ಹರಿಯಿತು.