ಮೈಕಿನ ಮುಂದೆ 'ಉಂಟು' ಇಲ್ಲ

ದುಗ್ಗಪ್ಪ ರೈಗಳು ತೀರಿಹೋದ ಮೇಲೆ ಎಲ್ಲರೂ ಸೇರಿ ಅವರನ್ನು ದೇವರು ಮಾಡಿಬಿಟ್ಟಿದ್ದಾರೆ. ಶಾಂತಮೂರ್ತಿಯಂತೆ! ಕೇಳಿದರೆ ನನಗೆ ಮೈ ಉರಿಯುತ್ತದೆ. ಅವರ ಬೈಗುಳ ತಿಂದ ಕಿವಿ ನನ್ನದು. ಪುತ್ತೂರಿನ ನಮ್ಮ ಪುಟ್ಟ ರೇಡಿಯೊ ಕೇಂದ್ರಕ್ಕೆ ಅವರು ಮ್ಯಾನೇಜರ್, ಹೊಸಬರಿಗೆ ಮೈಕಿನ ಮುಂದೆ ಮಾತಾಡಲು ಕಲಿಸುವವರೂ ಅವರೇ. ಅವರ ಬಾಯಿಗೆ ಹೆದರಿ ಓಡಿಹೋದವರು ಹೋದರು, ಉಳಿದವರು ಉದ್ಧಾರವಾದರು. ಪಂಜದ ಕೌಶಲ್ ಈಗ ಟಿವಿಯಲ್ಲಿ ಕೋಟು ಹಾಕಿಕೊಂಡು ಕಿರುಚುತ್ತಾನೆ. ಸುಪ್ರಿತಾ ಬೆಂಗಳೂರಿನ ಎಫ್‌ಎಂನಲ್ಲಿ ಬೆಳಗಾಗುವ ಮೊದಲೇ ನಗಲು ಶುರು ಮಾಡುತ್ತಾಳೆ.

ರೈಗಳ ಪರಮ ಶತ್ರು ನಮ್ಮೂರ ಮಾತಿನ 'ಉಂಟು'. ಮೈಕಿನ ಮುಂದೆ 'ಇದೆ' ಎನ್ನಬೇಕು, ಪುಸ್ತಕದ ಹಾಗೆ.

"ಇಲ್ಲಿ ಉಂಟು ಗಿಂಟು ಇಲ್ಲ, ಗೊತ್ತುಂಟಲ್ಲ?" ಎಂದು ಅವರೇ ಗದರುತ್ತಿದ್ದರು. ನಗುವ ಧೈರ್ಯ ಯಾರಿಗೂ ಇರಲಿಲ್ಲ.

ನಾನು ಕುಂಬ್ರದ ರಮ್ಲತ್, ಆಗ ಅವರ ಬಳಿ ಕಲಿಯಲು ಸೇರಿದ ಹೊಸಬಳು. ಮನೆಯಲ್ಲಿ ಬ್ಯಾರಿ, ಪೇಟೆಯಲ್ಲಿ ತುಳು, ಬಾಯಿಬಿಟ್ಟರೆ 'ಉಂಟು' ಎನ್ನುವ ಕನ್ನಡ. ರೇಡಿಯೊದಲ್ಲಿ ಪಾಸಾದರೆ ಸರಿ, ಇಲ್ಲವಾದರೆ ಮಾಮನ ಬಟ್ಟೆ ಅಂಗಡಿಯಲ್ಲಿ ನೈಟಿ ಮಡಚುವುದು ಎಂದು ಹೆತ್ತ ಉಮ್ಮ ತೀರ್ಮಾನಿಸಿದ್ದರು. ಹಾಗಾಗಿ ಊಟಕ್ಕೆ ಕೂತರೂ 'ಇದೆ, ಇದೆ' ಎಂದು ಜಪಿಸುತ್ತಿದ್ದೆ. ಉಮ್ಮ ನನ್ನ ಹಣೆ ಮುಟ್ಟಿ ಜ್ವರ ನೋಡಿದರು.

ಮೊದಲ ನೇರಪ್ರಸಾರಕ್ಕೆ ಸಿಕ್ಕಿದ್ದು ಕರೆಂಟಿನ ಪ್ರಕಟಣೆ. ನಾಳೆ ಕಡಬದಲ್ಲಿ ವಿದ್ಯುತ್ ಪೂರೈಕೆಯಲ್ಲಿ 'ವ್ಯತ್ಯಯ ಉಂಟಾಗಲಿದೆ' ಎಂದು ಬರೆದಿತ್ತು. ಹಾಳಾದ 'ಉಂಟು' ಕಣ್ಣಿಗೆ ಬಿದ್ದದ್ದೇ ತಡ, ನಾಲಿಗೆ ತಾನಾಗಿ ತಿದ್ದಿಬಿಟ್ಟಿತು.

"ವ್ಯತ್ಯಯ ಇದೆಯಾಗಲಿದೆ."

ಫೋನುಗಳ ಮೇಲೆ ಫೋನು. ನೆಲ್ಯಾಡಿಯ ಒಬ್ಬರು ನಗುತ್ತಾ, ಕರೆಂಟು ಇದೆಯೋ ಇಲ್ಲವೋ, ಒಂದನ್ನು ಹೇಳಿ ಎಂದರು. ಆಮೇಲೆ ಬಂದದ್ದು ಆಡಳಿತ ಸಮಿತಿಯ ಅಧ್ಯಕ್ಷ ರಾಮಪ್ರಸಾದರ ಕರೆ. ಆ ಹುಡುಗಿಯನ್ನು ಇವತ್ತೇ ಮನೆಗೆ ಕಳಿಸಿ ಎಂದು ಅವರು ಕೂಗಿದ್ದು ಬಾಗಿಲಾಚೆ ನಿಂತಿದ್ದ ನನಗೂ ಕೇಳಿಸಿತು. ಮುಗಿಯಿತು ಕಥೆ ಎಂದುಕೊಂಡು ಚೀಲ ಹೆಗಲಿಗೆ ಹಾಕಿದೆ. ಅಳು ತಡೆಯಲಾಗಲಿಲ್ಲ.

ರೈಗಳು ಫೋನಿಟ್ಟು ಸೀದಾ ಸ್ಟುಡಿಯೊದೊಳಗೆ ಹೋದರು. ಹಾಡನ್ನು ಅರ್ಧಕ್ಕೇ ನಿಲ್ಲಿಸಿ ಮೈಕಿನ ಮುಂದೆ ಕುಳಿತರು. ಅಷ್ಟು ಮಂದಿಗೆ ಮಾತು ಕಲಿಸಿದ ಮನುಷ್ಯನ ಸ್ವರವನ್ನು ರೇಡಿಯೊದಲ್ಲಿ ನಾನು ಕೇಳಿದ್ದು ಅದೇ ಮೊದಲು. ಆ ಸ್ವರ ಗಡಗಡ ನಡುಗುತ್ತಿತ್ತು.

"ನಾನು ಮ್ಯಾನೇಜರ್ ದುಗ್ಗಪ್ಪ ರೈ. ನಾಳೆ ಕಡಬದಲ್ಲಿ ಕರೆಂಟ್ ಇಲ್ಲ. ತಪ್ಪು ಹುಡುಗಿದ್ದಲ್ಲ, ಹೆದರಿಸಿ ಹೆದರಿಸಿ ಕಲಿಸಿದ ನನ್ನದು. ಸಂಜೆ ವಾರ್ತೆ ಸಹ ಅವಳೇ ಓದುದು. ಯಾರಿಗಾದ್ರೂ ಆಕ್ಷೇಪ ಉಂಟು ಅಂತಾದ್ರೆ ನನಗೆ ಹೇಳಿ."

ಅವರು ಹೊರಗೆ ಬರುವಷ್ಟರಲ್ಲಿ ಅಧ್ಯಕ್ಷರ ಫೋನು ಮತ್ತೆ ಬಡಿದುಕೊಳ್ಳುತ್ತಿತ್ತು. ರೈಗಳು ಅದರ ಕಡೆ ನೋಡಲೂ ಇಲ್ಲ. ಬೆವರು ಒರೆಸಿಕೊಳ್ಳುತ್ತಾ ನನ್ನ ಮೇಲೆಯೇ ರೇಗಿದರು.

"ಎಂತ ಮಾರಾಯ್ತಿ, ಹೀಗೆ ಕಣ್ಣೀರು ಹಾಕಿ ಕೂಗಿದ್ರೆ ಸ್ವರ ಕಟ್ಟುದಿಲ್ವಾ? ಹೋಗು, ಬಿಸಿನೀರು ಕುಡಿ. ಸಂಜೆ ವಾರ್ತೆ ಮತ್ತೆ ಯಾರು ಓದುದು?"